ಮಲಗಿದ ಎತ್ತು

“ಮಕ್ಕಳು ಮಾಡಿದ್ದನ್ನು ಟೀಚರು ಸ್ವಲ್ಪ ತಿದ್ದಿದರೆ ಅದರಲ್ಲಿ ತಪ್ಪೇನು, ಅವ್ವ?”

ಕೇಳಿದವಳು ಮಹಾನಂದಾ. ಅವಳು ಬಾಲವಾಡಿಯ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಕೆಲಸವನ್ನು ಅವಳಿಗೆ ಕಲಿಸಿದವರು ಗುರುಸಿದ್ಧವ್ವ. ಏನಾದರೂ ಅನುಮಾನ ಬಂದರೆ ಅವಳು ಅವರ ಮನೆಗೇ ಬರುತ್ತಿದ್ದಳು. ಆ ದಿನ ಬರುವಾಗ ಅವಳ ಕಂಕುಳಲ್ಲಿ ರಟ್ಟಿನ ಹಾಳೆಗಳ ಒಂದು ಕಟ್ಟು ಇತ್ತು. ಮಕ್ಕಳು ರಟ್ಟಿಗೆ ಅಂಟು ಸವರಿ, ತೊಗರಿಬೇಳೆ, ರಾಗಿ, ಮೆಣಸು ಅಂಟಿಸಿ ಮಾಡಿದ ಕೋಳಿಗಳು. ಮರುದಿನ ತಾಯಂದಿರ ಸಭೆ ಇತ್ತು. ಅವುಗಳನ್ನು ಗೋಡೆಗೆ ತೂಗುಹಾಕಬೇಕಿತ್ತು.

“ಸ್ವಲ್ಪ ಎಂದರೆ ಎಷ್ಟು?” ಎಂದರು ಗುರುಸಿದ್ಧವ್ವ.

“ಕೊಕ್ಕು ನೆಟ್ಟಗೆ ಮಾಡಿದೆ. ಕಾಲು ಎರಡೇ ಇರುವಂತೆ ನೋಡಿಕೊಂಡೆ. ಒಬ್ಬನಂತೂ ಕಣ್ಣನ್ನು ಹೊಟ್ಟೆಗೆ ಅಂಟಿಸಿದ್ದ, ಅದನ್ನು ಮೇಲೆ ತಂದೆ. ನೋಡಿದವರು ಮಕ್ಕಳನ್ನು ನೋಡಿ ನಗಬಾರದಲ್ಲ? ಪ್ರೀತಿಯಿಂದಲೇ ಮಾಡಿದೆ, ಅವ್ವ.”

“ಪ್ರೀತಿ ಇಲ್ಲವೆಂದು ನಾನು ಯಾವಾಗ ಅಂದೆ? ಆ ಕಟ್ಟು ಅಲ್ಲಿಡು. ಕೂತುಕೋ. ಗೋಡೆಗೆ ಒರಗಬೇಡ, ನಿದ್ದೆ ಹೋಗಿಬಿಡುತ್ತೀಯ. ಒಂದು ಕತೆ ಹೇಳುತ್ತೇನೆ.”

ಗುರುಸಿದ್ಧವ್ವ ಹೇಳತೊಡಗಿದರು.

ಒಂದು ಊರು. ಆ ಊರಲ್ಲಿ ಒಂದು ಬಾಲವಾಡಿ. ಅಲ್ಲಿ ಒಬ್ಬ ಟೀಚರು. ಹೆಸರು ಕೇಳಬೇಡ. ಹೇಳಿದರೆ ನಾಳೆಯೇ ಬಸ್ಸು ಹತ್ತಿ ನೋಡಲು ಹೊರಡುವವಳು ನೀನು. ಊರಿನವರು ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ.

ಅಕ್ಕೋರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವರ ಮೇಲೆ ಸಿಟ್ಟಾಗಬೇಡ. ಮಕ್ಕಳನ್ನು ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸುವ ಪೈಕಿ ಅಲ್ಲ. ಅವರದೆಲ್ಲ ಕೈಯಿಂದಲೇ. ಹುಣಸೆಬೀಜ, ಸೀತಾಫಲದ ಬೀಜ, ಕವಡೆ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು, ಬೇರೆ ಬೇರೆ ಮಾಡಿರಿ ಎನ್ನುತ್ತಿದ್ದರು. ಒಂದು ಚಂಬಿನಿಂದ ಇನ್ನೊಂದು ಚಂಬಿಗೆ ನೀರು ಸುರಿಸುತ್ತಿದ್ದರು. ನೆಲವೆಲ್ಲ ಒದ್ದೆಯಾದರೆ ತಾವೇ ಒರೆಸುತ್ತಿದ್ದರು. ಶೇಂಗಾ ಸುಲಿಸುತ್ತಿದ್ದರು. ಸುಲಿದದ್ದರಲ್ಲಿ ಅರ್ಧ ಮಕ್ಕಳ ಹೊಟ್ಟೆಗೇ ಹೋಗುತ್ತಿತ್ತು. ಹೋಗಲಿ ಬಿಡಿ, ಅದೂ ಕೈಕೆಲಸವೇ ಎನ್ನುತ್ತಿದ್ದರು. ಮಕ್ಕಳಿಗೆ ಅಕ್ಕೋರೆಂದರೆ ಜೀವ.

ಅವರದು ಒಂದೇ ಒಂದು ಚಾಳಿ. ಮಕ್ಕಳು ಮನೆಗೆ ಹೋದ ಮೇಲೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಅಡ್ಡಾದಿಡ್ಡಿ ಪೋಣಿಸಿದ ಮಣಿಗಳನ್ನು ಬಿಚ್ಚಿ, ಒಂದು ಕೆಂಪು ಒಂದು ಹಸಿರು ಎಂದು ಮತ್ತೆ ಪೋಣಿಸುವರು. ಗೆರೆ ದಾಟಿದ ಬಣ್ಣವನ್ನು ಉಜ್ಜಿ ತೆಗೆಯುವರು. ಬೆಳಿಗ್ಗೆ ಬಂದ ಮಗು ತನ್ನ ಮಾಲೆಯನ್ನು ನೋಡಿ, “ನಾ ಇಷ್ಟು ಚಂದ ಮಾಡಿದ್ನೇನ್ರಿ?” ಎಂದು ಕಣ್ಣರಳಿಸಿದರೆ ಅಕ್ಕೋರಿಗೆ ಅಂದು ಹಬ್ಬ. ಆ ಮಗು ಮತ್ತೆ ಆ ಮಾಲೆಯ ತಂಟೆಗೆ ಹೋಗುತ್ತಿರಲಿಲ್ಲ. ಅದು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಿನ್ನ ಹಾಗಲ್ಲ ಬಿಡು, ನೀನು ಬರೀ ಕೊಕ್ಕು ತಿದ್ದಿದವಳು.

ಮಹಾನಂದಾ ನಕ್ಕಳು. ಗುರುಸಿದ್ಧವ್ವ ನಗಲಿಲ್ಲ. ಕತೆ ಮುಂದುವರಿಸಿದರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಮನೆಮನೆಯಲ್ಲಿ ಮಣ್ಣಿನ ಎತ್ತು ಇಟ್ಟು ಪೂಜೆ ಮಾಡುತ್ತಾರಲ್ಲ, ಆ ಊರಲ್ಲಿ ಪುಟ್ಟ ಮಕ್ಕಳಿದ್ದ ಮನೆಗೆ ಎತ್ತು ಬಾಲವಾಡಿಯಿಂದಲೇ ಹೋಗಬೇಕು. ಅದು ಅಲ್ಲಿಯ ರೂಢಿ. ಹಿಂದಿನ ದಿನ ಮಕ್ಕಳು ಎತ್ತು ಮಾಡಿ ಹಲಗೆಯ ಮೇಲೆ ಸಾಲಾಗಿ ಇಟ್ಟು ಹೋಗುತ್ತವೆ. ಅಮಾವಾಸ್ಯೆಯ ಬೆಳಿಗ್ಗೆ ತಾಯಂದಿರು ಬರುತ್ತಾರೆ. ಯಾವ ಎತ್ತಿನ ಮೇಲೂ ಹೆಸರಿಲ್ಲ, ಚೀಟಿಯಿಲ್ಲ. ಮಕ್ಕಳು ಸೀರೆಯ ಪರದೆಯ ಹಿಂದೆ ಕೂತು ಇಣುಕುತ್ತಿರುತ್ತವೆ. ತಾಯಿ ಯಾರನ್ನೂ ಕೇಳುವಂತಿಲ್ಲ. ತನ್ನ ಮಗುವಿನ ಎತ್ತನ್ನು ತಾನೇ ಗುರುತು ಹಿಡಿದು ಕೈಗೆ ತೆಗೆದುಕೊಳ್ಳಬೇಕು. ಸರಿಯಾದದ್ದನ್ನು ತೆಗೆದುಕೊಂಡರೆ ಮಗು “ನಂದು!” ಎಂದು ಕೂಗಿ ಪರದೆ ಹರಿಯುವಂತೆ ಓಡಿಬರುತ್ತದೆ. ತಪ್ಪುವವರು ಬಹಳ ಅಪರೂಪ. ದಿನವೂ ರೊಟ್ಟಿ ಹಿಟ್ಟು ಕದ್ದು ಗುಬ್ಬಿ ಮಾಡುವ ಕೈ ಹೇಗಿರುತ್ತದೆಂದು ತಾಯಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಅಕ್ಕೋರಿಗೆ ಆ ಊರಲ್ಲಿ ಅದು ಮೊದಲ ಅಮಾವಾಸ್ಯೆ. ರೂಢಿಯನ್ನು ಕೇಳಿ ತಿಳಿದುಕೊಂಡಿದ್ದರು. ಚೆನ್ನಾಗಿದೆಯೆಂದು ಒಪ್ಪಿಯೂ ಇದ್ದರು.

ಆ ಬಾಲವಾಡಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಿದ್ದದ್ದು ಅಜ್ಜಿಯ ಹತ್ತಿರ. ತಾಯಿ-ತಂದೆ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋದಾಗ ಮಗುವಿಗೆ ಆಗತಾನೇ ಮಾತು ಬರುತ್ತಿತ್ತು. ಆಮೇಲೆ ಅವಳಿಗೆ ತಾಯಿ ಎಂದರೆ ಫೋನಿನೊಳಗಿನ ಒಂದು ದನಿ ಅಷ್ಟೇ. ಈಗ ಅವರಿಗೆ ಅಲ್ಲಿ ಒಂದು ಕೋಣೆ ಸಿಕ್ಕಿತ್ತು. ಓಣಿಯಲ್ಲೇ ಬಾಲವಾಡಿಯೂ ಇತ್ತು. ಅಮಾವಾಸ್ಯೆಯ ಬೆಳಿಗ್ಗೆ ತಾಯಿ ಬರುತ್ತಾಳೆ, ಮರುದಿನದ ಬಸ್ಸಿಗೆ ಮಗುವನ್ನು ಕರೆದುಕೊಂಡು ಹೋಗುತ್ತಾಳೆ ಎಂದು ನಿಶ್ಚಯವಾಗಿತ್ತು.

ಹುಡುಗಿಗೆ ಒಂದೇ ಚಿಂತೆ.

“ಆಯಿ, ಅವ್ವಗ ನಾ ಗೊತ್ತಾಗ್ತೀನೇನ?” ಎಂದು ಅಜ್ಜಿಯನ್ನು ಕೇಳಿದಳು.

“ಹುಚ್ಚಿ! ಹಲಗಿ ಮ್ಯಾಲ ಎಷ್ಟರ ಎತ್ತು ಇರಲಿ, ನಿಮ್ಮವ್ವ ಬಂದಾಕಿನ ನಿನ್ನ ಎತ್ತಿಗೇ ಕೈ ಹಾಕ್ತಾಳ. ಹೆತ್ತಾಕಿಗೆ ಗೊತ್ತಾಗೂದಿಲ್ಲೇನ?” ಎಂದಳು ಅಜ್ಜಿ.

ಅಜ್ಜಿ ಅದನ್ನು ಸಮಾಧಾನಕ್ಕೆ ಹೇಳಿದ್ದು. ಮಗು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ದೊಡ್ಡವರು ಸಮಾಧಾನಕ್ಕೆ ಆಡಿದ್ದನ್ನೆಲ್ಲ ಮಕ್ಕಳು ಸತ್ಯವೆಂದೇ ತಿಳಿಯುತ್ತವೆ, ಏನು ಮಾಡುವುದು.

ಇನ್ನೊಂದು ಮಾತು ಹೇಳಬೇಕು. ಹುಡುಗಿಯ ಹೆಬ್ಬೆರಳಿನಲ್ಲಿ ಒಂದು ಗಾಯದ ಗುರುತು ಇತ್ತು. ಅಂಬೆಗಾಲಿಡುವಾಗ, ತಾಯಿ ಬದನೆಕಾಯಿ ಹೆಚ್ಚುತ್ತಿದ್ದ ಈಳಿಗೆಯನ್ನು ಗಪ್ಪನೆ ಹಿಡಿದುಬಿಟ್ಟಿದ್ದಳು. ಗಾಯ ಮಾಯ್ದಿತ್ತು. ಬೆರಳಿಗೆ ಅಡ್ಡಲಾಗಿ ಒಂದು ಗೀರು ಉಳಿದಿತ್ತು. ಅಜ್ಜಿ ಸ್ನಾನ ಮಾಡಿಸುವಾಗಲೆಲ್ಲ ಆ ಬೆರಳು ಹಿಡಿದು, “ನಿಮ್ಮವ್ವ ಇದಕ್ಕ ಊದಿ ಊದಿ ಅತ್ತಾಳ ನೋಡು” ಎನ್ನುತ್ತಿದ್ದಳು. ತಾಯಿಯ ಮುಖ ಮರೆತ ಮಗುವಿಗೆ ತಾಯಿಯದೆಂದು ಗೊತ್ತಿದ್ದದ್ದು ಆ ಗೀರು ಒಂದೇ.

ಹಿಂದಿನ ದಿನ ಅಕ್ಕೋರು ಮಣ್ಣು ಕಲಸಿ ಮಕ್ಕಳಿಗೆ ಒಂದೊಂದು ಉಂಡೆ ಕೊಟ್ಟರು. ಏನು ಗದ್ದಲ ಅಂತೀಯ! ಒಬ್ಬನ ಎತ್ತು ಕಪ್ಪೆಯ ಹಾಗೆ ಕೂತಿತ್ತು. ಒಬ್ಬಳ ಎತ್ತಿಗೆ ಮೈಗಿಂತ ಬಾಲವೇ ಉದ್ದ. ಒಬ್ಬ ಹುಡುಗ ಆರು ಕಾಲು ಹಚ್ಚಿದ್ದ. ಯಾಕೋ ಎಂದರೆ, “ಎರಡು ಬಿದ್ರ ಇರಲಿ ಅಂತ್ರಿ” ಎಂದ. ಆ ಹುಡುಗಿಯ ಎತ್ತಿಗೆ ಮೋಟು ಕಾಲು, ಒಂದು ಕೊಂಬು ಗಿಡ್ಡ. ಅದರ ಬೆನ್ನು, ಹೊಟ್ಟೆ, ಕುತ್ತಿಗೆ, ಎಲ್ಲೆಂದರಲ್ಲಿ ಅವಳು ಹೆಬ್ಬೆರಳು ಒತ್ತಿದ್ದಳು. ಒತ್ತಿ, ಉಸಿರು ಹಿಡಿದು, ಮೆಲ್ಲಗೆ ಬೆರಳು ತೆಗೆಯುತ್ತಿದ್ದಳು. ಪ್ರತಿ ಗುಳಿಯ ನಡುವೆ ಗೀರಿನ ಜಾಗದಲ್ಲಿ ಒಂದು ಸಣ್ಣ ಏಣು, ಎಂದರೆ ಉಬ್ಬಿದ ಗೆರೆ, ಮೂಡುತ್ತಿತ್ತು.

“ಏನವ್ವಾ ಇದು, ನಿನ್ನ ಎತ್ತಿಗೆ ಅಮ್ಮ ಬಂದಾಳೇನು?” ಎಂದು ಅಕ್ಕೋರು ಚೇಷ್ಟೆ ಮಾಡಿದರು. ಮೈಯೆಲ್ಲ ಸಿಡುಬಿನಂಥ ಕಲೆ ನೋಡಿ ಹಾಗಂದದ್ದು.

“ನಮ್ಮವ್ವಗ” ಎಂದಳು ಹುಡುಗಿ.

ಅಕ್ಕೋರು ಅವಳ ಕೆನ್ನೆ ತಟ್ಟಿ ಮುಂದಕ್ಕೆ ಹೋದರು. ಮತ್ತೇನೂ ಕೇಳಲಿಲ್ಲ. ಅಲ್ಲಿ ನಿಂತು ಇನ್ನೊಂದೇ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸಂಜೆ ಮಕ್ಕಳು ಹೋದವು. ಅಕ್ಕೋರು ಹಲಗೆಯ ಮುಂದೆ ಕೂತರು. ನಾಳೆ ಊರ ಹೆಂಗಸರೆಲ್ಲ ಬರುತ್ತಾರೆ. ಇದು ಎತ್ತೋ ಇಲಿಯೋ ಎಂದು ಯಾರಾದರೂ ಬಾಯಿ ಬಿಟ್ಟು ನಕ್ಕರೆ? ಪರದೆಯ ಹಿಂದೆ ಕೂತ ಮಗುವಿನ ಮುಖ ಸಪ್ಪಗಾದರೆ? ಆ ಅಂಜಿಕೆಯಲ್ಲಿ, ತಾಯಂದಿರು ಗುರುತು ಹಿಡಿಯಬೇಕೆಂಬುದು ಅವರಿಗೆ ಮರೆತೇಹೋಯಿತು. ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟುಕೊಂಡರು. ಕಪ್ಪೆಯನ್ನು ಎಬ್ಬಿಸಿ ನಿಲ್ಲಿಸಿದರು. ಉದ್ದ ಬಾಲವನ್ನು ಮೊಟಕು ಮಾಡಿದರು. ಆರು ಕಾಲಿನಲ್ಲಿ ಎರಡು ತೆಗೆದರು. ಕೊಂಬುಗಳನ್ನು ಜೋಡಿ ನೋಡಿ ನೆಟ್ಟರು. ಒದ್ದೆ ಬೆರಳಿನಿಂದ ಎಲ್ಲವನ್ನೂ ನಯ ಮಾಡಿದರು.

ಕೊನೆಗೆ ಉಳಿದದ್ದು ಆ ಹುಡುಗಿಯ ಎತ್ತು. ಪಾಪ, ತಾಯಿ ಅಷ್ಟು ದೂರದಿಂದ ಬರುತ್ತಿದ್ದಾಳೆ ಎಂದುಕೊಂಡು ಅಕ್ಕೋರು ಅದಕ್ಕೆ ಉಳಿದವಕ್ಕಿಂತ ಹೆಚ್ಚು ಹೊತ್ತು ಕೊಟ್ಟರು. ಒಂದೊಂದೇ ಗುಳಿಗೆ ಮಣ್ಣು ತುಂಬಿದರು. ಒಂದೂ ಬಿಡಲಿಲ್ಲ.

ಬೆಳಗಾಯಿತು. ತಾಯಂದಿರು ಬಂದರು. ಹಲಗೆಯನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಅಂಗಡಿಯಲ್ಲಿಟ್ಟ ಗೊಂಬೆಗಳಂತೆ ಎತ್ತುಗಳು ಒಂದರ ಪಕ್ಕ ಒಂದು ನಿಂತಿದ್ದವು. “ಯವ್ವಾ, ಎಷ್ಟು ಚಂದ!” ಎಂದರು. ಅಕ್ಕೋರ ಮುಖ ಅರಳಿತು. ಆಮೇಲೆ ಹೆಂಗಸರು ಬಗ್ಗಿದರು, ನೋಡಿದರು, ಎದ್ದರು, ಮತ್ತೆ ಬಗ್ಗಿದರು. ಒಬ್ಬಳು ಒಂದನ್ನು ತೆಗೆದುಕೊಂಡಳು. ಪರದೆಯ ಹಿಂದೆ ಸದ್ದಿಲ್ಲ. ಇನ್ನೊಬ್ಬಳು ತೆಗೆದುಕೊಂಡಳು. ಸದ್ದಿಲ್ಲ. “ನಮ್ಮಾಂವ ರಾತ್ರಿಯೆಲ್ಲ ಆರು ಕಾಲು ಆರು ಕಾಲು ಅಂತ ಹೇಳಿ ನನ್ನ ತಲಿ ತಿಂದಾನ. ಎಲ್ಲೈತಿ ಆರು ಕಾಲಿಂದು?” ಎಂದು ಮತ್ತೊಬ್ಬಳು ಎತ್ತುಗಳ ಕಾಲು ಎಣಿಸತೊಡಗಿದಳು. ಮೊದಮೊದಲು ಎಲ್ಲರೂ ನಕ್ಕರು. ಮಕ್ಕಳಿಗೂ ತಮ್ಮದು ಯಾವುದೆಂದು ಗುರುತು ಹತ್ತದಿದ್ದಾಗ ಆ ನಗೆ ನಿಂತಿತು. ಒಂದೆರಡು ಮಕ್ಕಳು ಅಳತೊಡಗಿದವು.

ಅಷ್ಟರಲ್ಲಿ ಆ ಹುಡುಗಿಯ ತಾಯಿ ಬಂದಳು. ಬಸ್ಸು ತಡವಾಗಿತ್ತು. ಅಜ್ಜಿ ಅವಳನ್ನು ಮನೆಗೂ ಒಯ್ಯದೆ, ಹೆಗಲ ಚೀಲದ ಸಮೇತ ನೇರ ಅಲ್ಲಿಗೇ ಕರೆತಂದಿದ್ದಳು. ಮಗು ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೂತಿತ್ತು. ತಾಯಿಗೆ ಅದು ಗೊತ್ತಿತ್ತು. ಪರದೆಯ ಕಡೆ ನೋಡಬಾರದೆಂಬುದೂ ಗೊತ್ತಿತ್ತು.

ಅವಳು ಹಲಗೆಯ ಮುಂದೆ ಮಂಡಿಯೂರಿದಳು. ಒಂದೊಂದೇ ಎತ್ತನ್ನು ಕೈಗೆ ತೆಗೆದುಕೊಂಡು ಬೆನ್ನು ನೋಡಿದಳು. ಹೊಟ್ಟೆ ನೋಡಿದಳು. ಬೆರಳಾಡಿಸಿದಳು. ಕೆಳಗಿಟ್ಟಳು. ಸಾಲು ಮುಗಿಯಿತು. ಮತ್ತೆ ಮೊದಲಿನಿಂದ ನೋಡಿದಳು. ಕೊನೆಗೆ ಕಣ್ಣು ಮುಚ್ಚಿ ದೇವರ ಮೇಲೆ ಭಾರ ಹಾಕಿ ಒಂದನ್ನು ತೆಗೆದುಕೊಂಡಳು. ಪರದೆಯ ಹಿಂದೆ ಯಾರೂ “ನಂದು” ಎನ್ನಲಿಲ್ಲ. ಅದನ್ನಿಟ್ಟು ಇನ್ನೊಂದು ತೆಗೆದುಕೊಂಡಳು. ಆಗಲೂ ಇಲ್ಲ.

ಹುಡುಗಿ ಪರದೆ ಸರಿಸಿ ಹೊರಗೆ ಬಂದಳು. ತಾಯಿಯ ಕಡೆ ನೋಡಲಿಲ್ಲ. ನೇರ ಹೋಗಿ ಅಜ್ಜಿಯ ಮಂಡಿ ತಬ್ಬಿಕೊಂಡಳು.

“ಆಯಿ, ಈಕಿ ನಮ್ಮವ್ವ ಅಲ್ಲ. ಮನಿಗೆ ಹೋಗೂಣು.”

ಏನು ಹೇಳಲಿ ತಂಗಿ. ಆ ಮಾತು ಕೇಳಿದರೆ ಕಲ್ಲೂ ಕರಗಬೇಕು. ಅಜ್ಜಿ “ಹಂಗನಬ್ಯಾಡವ್ವಾ” ಎಂದು ಬೇಡಿಕೊಂಡಳು. ತಾಯಿ ಕೈಚಾಚಿದಳು. ಮಗು ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿತು. ಮರುದಿನ ಯಾವ ಮಗುವನ್ನು ಬಸ್ಸು ಹತ್ತಿಸುವುದು? ಕೈಕಾಲು ಹಿಡಿದು ಹೊತ್ತುಕೊಂಡು ಹೋಗಬಹುದು. ಹಾಗೆ ಒಯ್ದ ಮಗು ಮತ್ತೆ ಯಾವಾಗ ಅವ್ವ ಎಂದೀತು?

ತಾಯಿ ಆಗಲೂ ಅಳಲಿಲ್ಲ. ಅಕ್ಕೋರ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಎಲ್ಲಾ ಭಾಳ ಚಂದ ಅದಾವ್ರಿ ಅಕ್ಕೋರ. ಆದ್ರ ನನ್ನ ಕೂಸಿನ ಬೆರಳು ಯಾವುದರಾಗೂ ಇಲ್ಲ.”

ಅಕ್ಕೋರಿಗೆ ಹಿಂದಿನ ಸಂಜೆ ತಾವು ತುಂಬಿದ ಗುಳಿಗಳೆಲ್ಲ ಕಣ್ಣ ಮುಂದೆ ಬಂದವು. “ನಮ್ಮವ್ವಗ” ಎಂದ ಮಾತೂ ನೆನಪಾಯಿತು. ಅವರು ಓಡಿಹೋಗಿ ಹುಡುಗಿಯ ಮುಂದೆ ಕೂತರು. “ನಿಮ್ಮವ್ವಂದು ತಪ್ಪಿಲ್ಲ, ಕೂಸ. ನಿನ್ನ ಎತ್ತನ್ನ ನಾನ ತಿದ್ದೀನಿ. ನಿನ್ನ ಗುರ್ತೆಲ್ಲ ನಾನ ಅಳಿಸೀನಿ” ಎಂದರು. ಹುಡುಗಿ “ಹೂಂ” ಎಂದಳು. ಅಜ್ಜಿಯ ಮಂಡಿ ಮಾತ್ರ ಬಿಡಲಿಲ್ಲ. ನಾಲ್ಕು ವರ್ಷದ ಮಗುವಿಗೆ ಮಾತು ಹೇಳಿ ಎಷ್ಟು ತಿಳಿಸಬಲ್ಲೆ? ಅಕ್ಕೋರಿಗೆ ಅಷ್ಟಾದರೂ ಬುದ್ಧಿ ಇತ್ತು.

ಅವರು ಎದ್ದರು. ದೊಡ್ಡ ಬೋಗುಣಿಯೊಂದನ್ನು ತಂದು ಕೋಣೆಯ ನಡುವೆ ಇಟ್ಟರು. ಅದಕ್ಕೆ ನೀರು ಸುರಿದರು. ಹಲಗೆಯ ಮೇಲಿದ್ದ ಅಷ್ಟೂ ಎತ್ತುಗಳನ್ನು ತೆಗೆದು ಅದರೊಳಗೆ ಹಾಕಿ ಮುರಿದು ಕಲಸಿಬಿಟ್ಟರು. ಹೆಂಗಸರು ಅಯ್ಯಯ್ಯೋ ಎಂದರು. “ಚಲೋ ಇದ್ದದ್ದನ್ನ ಯಾಕ ಕೆಡಿಸ್ತೀರಿ? ನಮಗ ಮನ್ಯಾಗ ಹೋಳಗಿ ಮಾಡೂದೈತಿ” ಎಂದು ಆರು ಕಾಲಿನವನ ತಾಯಿ ರೇಗಿದಳು. ಮಕ್ಕಳು ಮಾತ್ರ ಅಳು ನಿಲ್ಲಿಸಿ ಬೋಗುಣಿಯ ಸುತ್ತ ಬಂದು ನಿಂತವು.

“ನಿಮ್ಮ ಎತ್ತು ನಾ ಕೆಡಿಸೀನಿ. ಮತ್ತೊಮ್ಮೆ ಮಾಡಿಕೊಡ್ತೀರೇನ?” ಎಂದು ಅಕ್ಕೋರು ಮಕ್ಕಳನ್ನು ಕೇಳಿದರು.

ಕೇಳಬೇಕೇ? ಕೈಗಳೆಲ್ಲ ಬೋಗುಣಿಯೊಳಗೆ ಇಳಿದವು. ಅಕ್ಕೋರು ಒಂದು ಉಂಡೆ ಮಣ್ಣು ತೆಗೆದುಕೊಂಡು ಹೋಗಿ ಆ ಹುಡುಗಿಯ ಪಕ್ಕದಲ್ಲಿ ನೆಲದ ಮೇಲಿಟ್ಟರು. ಮಾಡು ಎನ್ನಲಿಲ್ಲ. ಪುಸಲಾಯಿಸಲೂ ಇಲ್ಲ. ಬಂದು ಗೋಡೆಯ ಪಕ್ಕ ಕೂತರು. ಎರಡೂ ಕೈಗಳನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕೂತರು. ಅಜ್ಜಿಯೊಬ್ಬಳನ್ನು ಬಿಟ್ಟು ತಾಯಂದಿರನ್ನೆಲ್ಲ ಮೊದಲೇ ಹೊರಗೆ ಜಗಲಿಗೆ ಕಳಿಸಿದ್ದರು.

ಕಪ್ಪೆ ಮತ್ತೆ ಕಪ್ಪೆಯಾಗಿಯೇ ಕೂತಿತು. ಆರು ಕಾಲಿನವನು ಈ ಸಲ ಏಳನೆಯದನ್ನೂ ಹಚ್ಚಿದ. ಯಾರು ಯಾವಾಗ ಕಿತ್ತುಕೊಳ್ಳುತ್ತಾರೋ ಎಂಬ ಅಂಜಿಕೆ ಅವನಿಗೆ. ಒಂದು ಎತ್ತಿನ ಕುತ್ತಿಗೆ ವಾಲುತ್ತಿತ್ತು, ಈಗ ಬೀಳುತ್ತದೆ, ಆಗ ಬೀಳುತ್ತದೆ. ಅಕ್ಕೋರ ಕೈ ತೊಡೆಯ ಕೆಳಗೇ ಮಿಸುಕಿತು. ತೆಗೆಯಲಿಲ್ಲ. ಕುತ್ತಿಗೆ ಬಿತ್ತು. ಮಗು ಅದನ್ನು ತೆಗೆದು, ಎಂಜಲು ಹಚ್ಚಿ, ಬೆನ್ನ ಮೇಲೆ ಅಂಟಿಸಿ, “ಹಿಂದ ನೋಡಾಕತ್ತೈತಿ” ಎಂದಿತು. ಅಕ್ಕೋರಿಗೆ ನಗೆಯೂ ಬಂತು, ಕಣ್ಣಲ್ಲಿ ನೀರೂ ಬಂತು.

ಆ ಹುಡುಗಿ ಬಹಳ ಹೊತ್ತು ಮಣ್ಣಿನ ಕಡೆ ನೋಡಲಿಲ್ಲ. ಆದರೆ ತಣ್ಣನೆಯ ಮಣ್ಣು ಪಕ್ಕದಲ್ಲೇ ಇದ್ದರೆ ಮಗುವಿನ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು? ಮೊದಲು ಒಂದು ಬೆರಳು ತಾಗಿಸಿದಳು. ಆಮೇಲೆ ಉಂಡೆಯನ್ನು ಮಡಿಲಿಗೆ ಎಳೆದುಕೊಂಡಳು. ಕಾಲು ಮಾಡಲಿಲ್ಲ. ಕೊಂಬು ಮಾಡಲಿಲ್ಲ. ಅದರ ನಡುಮಧ್ಯೆ ಹೆಬ್ಬೆರಳನ್ನು ಇಟ್ಟು, ತನ್ನ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಮೆಲ್ಲಗೆ ಬೆರಳು ತೆಗೆದಳು. ಎದ್ದು ಹೋಗಿ ಆ ಉಂಡೆಯನ್ನು ಹಲಗೆಯ ಮೇಲೆ ಸಾಲಿನ ಕೊನೆಗಿಟ್ಟು ಪರದೆಯ ಹಿಂದೆ ಕೂತಳು.

ತಂಗಿ, ಅದು ಎತ್ತಲ್ಲ. ಬರೀ ಒಂದು ಉಂಡೆ, ಅದರಲ್ಲೊಂದು ಗುಳಿ. ನಾಲ್ಕು ಕಾಲಾದರೂ ಹಚ್ಚೋಣವೇ ಎಂದು ಅಕ್ಕೋರ ಜೀವ ಚಡಪಡಿಸಿತು. ಎಲ್ಲ ಮಕ್ಕಳ ಎತ್ತುಗಳ ನಡುವೆ ಈ ಮಗುವಿನದು ಹೀಗೆ ಕೂತಿದೆಯಲ್ಲ, ಯಾರಾದರೂ ಏನಾದರೂ ಅಂದರೆ? ಅವರು ತಮ್ಮ ಕೈಗಳ ಮೇಲೆ ಇನ್ನಷ್ಟು ಭಾರ ಹಾಕಿ ಕೂತರು. ಅಂದು ಅವರು ಮಾಡಿದ ದೊಡ್ಡ ಕೆಲಸ ಅದು.

ತಾಯಂದಿರು ಒಳಗೆ ಬಂದರು. ಈಗ ಯಾರೂ ಯವ್ವಾ ಚಂದ ಎನ್ನಲಿಲ್ಲ. ಸರಸರನೆ ಬಗ್ಗಿದರು, ತಮ್ಮ ತಮ್ಮದನ್ನು ತೆಗೆದುಕೊಂಡರು. “ನಂದು!” “ನಂದು!” ಎಂದು ಮಕ್ಕಳು ಹೊರಗೆ ಧುಮುಕಿದವು. ಹೋಳಿಗೆಯ ಹೆಂಗಸು ಏಳು ಕಾಲಿನ ಎತ್ತನ್ನು ಎದೆಗೆ ಒತ್ತಿಕೊಂಡು, “ಇದ ನೋಡ್ರಿ ನಮ್ಮಾಂವಂದು, ಹುಚ್ಚಪ್ಪಂದು” ಎಂದು ಎಲ್ಲರಿಗೂ ತೋರಿಸುತ್ತಾ ಹೋದಳು.

ಆ ತಾಯಿ ಎಲ್ಲರ ಹಿಂದೆ ನಿಂತಿದ್ದಳು. ಅವಳಿಗೆ ಮುಂದೆ ಬರಲು ಭಯ. ಹಲಗೆ ಖಾಲಿಯಾಗುವುದಕ್ಕೆ ಮೊದಲೇ ಅವಳ ಕಣ್ಣು ಸಾಲಿನ ಕೊನೆಗೆ ಹೋಯಿತು. ಮಂಡಿಯೂರಿದಳು. ಆ ಉಂಡೆಯ ಗುಳಿಯೊಳಗೆ ತನ್ನ ಕಿರುಬೆರಳನ್ನು ಇಳಿಸಿದಳು. ತಳದಲ್ಲಿ ಅಡ್ಡಲಾಗಿ ಒಂದು ಸಣ್ಣ ಏಣು ತಾಗಿತು. ಬೆಳಿಗ್ಗೆಯಿಂದ ತಡೆದುಕೊಂಡವಳು ಆಗ ಅತ್ತಳು. ಉಂಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು.

ಹುಡುಗಿ ಓಡಿಬರಲಿಲ್ಲ. ಮೆಲ್ಲಗೆ ನಡೆದು ಬಂದಳು. ತಾಯಿಯ ಬೆರಳನ್ನು ಗುಳಿಯಿಂದ ಹೊರಗೆ ತೆಗೆದಳು. ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟು, ಸರಿಯಾಗಿ ಕೂಡುತ್ತದೆಯೇ ಎಂದು ನೋಡಿದಳು. ಕೂಡಿತು. ಆಗ ತಲೆಯೆತ್ತಿ ತಾಯಿಯ ಮುಖ ನೋಡಿದಳು.

“ನಿನಗ ಹೆಂಗ ಗೊತ್ತಾತು?”

ತಾಯಿ ಮಗುವಿನ ಮಣ್ಣು ಮೆತ್ತಿದ ಬೆರಳನ್ನು ಬಾಯ ಹತ್ತಿರ ತಂದುಕೊಂಡು ಊದಿದಳು. ಅಂದು ಗಾಯವಾದಾಗ ಊದಿದಳಲ್ಲ, ಹಾಗೆಯೇ ಊದಿದಳು.

“ಅವ್ವ” ಎಂದಳು ಹುಡುಗಿ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ನಾ ಹೇಳಿರಲಿಲ್ಲೇನ ಎಂದು ಎಲ್ಲರಿಗೂ ಹೇಳುತ್ತಾ ಹೊರಟಳು. ಬಾಗಿಲಲ್ಲಿ ಯಾರೋ ತಾಯಿಯ ಕೈಯಲ್ಲಿದ್ದ ಉಂಡೆ ನೋಡಿ, “ಅಯ್ಯ, ಇದೆಂಥಾ ಎತ್ತವ್ವಾ, ಕಾಲ ಇಲ್ಲ?” ಎಂದರು. ತಾಯಿಯ ಸೊಂಟದ ಮೇಲೆ ಕೂತಿದ್ದ ಹುಡುಗಿಯೇ ಉತ್ತರ ಕೊಟ್ಟಳು: “ಮಲಗೈತಿ. ಗೋವಾದಿಂದ ಬಂದು ದಣದೈತಿ.”

ಸಂಜೆ ಆ ಮನೆಯಲ್ಲಿ ಮಲಗಿದ ಎತ್ತಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದರು. ಪೂಜೆಯಾದ ಎತ್ತನ್ನು ನೀರಿಗೆ ಬಿಡಬೇಕು. ತಾಯಿ ಒಪ್ಪಲಿಲ್ಲ. ಮರುದಿನ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಮಗುವಿನ ಕೈ ಹಿಡಿದು ಬಸ್ಸು ಹತ್ತಿದಳು.

ಗುರುಸಿದ್ಧವ್ವ ಕತೆ ನಿಲ್ಲಿಸಿದರು.

ಮಹಾನಂದಾ ಕಣ್ಣೊರೆಸಿಕೊಂಡಳು. “ಪಾಪ, ಆ ಅಕ್ಕೋರಿಗೆ ಎಷ್ಟು ಕಷ್ಟವಾಗಿರಬೇಕು” ಎಂದಳು. “ಆದರೆ ಅವ್ವ, ನನ್ನದು ಗೋಡೆಗೆ ತೂಗುಹಾಕುವ ಕೋಳಿ. ಅದನ್ನು ಯಾವ ತಾಯಿ ಗುರುತು ಹಿಡಿಯಬೇಕಾಗಿದೆ?”

ಗುರುಸಿದ್ಧವ್ವ ರಟ್ಟಿನ ಕಟ್ಟನ್ನು ಹತ್ತಿರ ಎಳೆದುಕೊಂಡರು. ದಾರ ಬಿಚ್ಚಿದರು. ನಡುವಿನಿಂದ ಒಂದು ಕೋಳಿಯನ್ನು ತೆಗೆದರು. ಕೊಕ್ಕು ನೆಟ್ಟಗಿತ್ತು. ಕಾಲು ಎರಡೇ ಇದ್ದವು. ಕಣ್ಣು ಇರಬೇಕಾದ ಜಾಗದಲ್ಲೇ ಇತ್ತು. ಅದನ್ನು ಮಹಾನಂದಾಳ ಕೈಗೆ ಕೊಟ್ಟರು.

“ತಾಯಂದಿರ ಮಾತು ಇರಲಿ, ತಂಗಿ. ನೀನು ಹೇಳು, ಇದು ಯಾರ ಕೋಳಿ?”

ಮಹಾನಂದಾ ಕೋಳಿಯನ್ನು ತಿರುಗಿಸಿ ನೋಡಿದಳು. ಮತ್ತೆ ನೋಡಿದಳು. ಕಟ್ಟಿನಿಂದ ಇನ್ನೊಂದನ್ನು ತೆಗೆದು ಪಕ್ಕದಲ್ಲಿಟ್ಟಳು; ಎರಡರಲ್ಲೂ ಅವಳ ಕೈಯೇ ಕಾಣುತ್ತಿತ್ತು.